ಹೊರಟವರ ಊರಲ್ಲಿ ಒಂದು ಬಿಡುವು

ಎರಡು ಕಛೇರಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಮೃದಂಗದವನೊಬ್ಬ ಜೋಧಪುರ ಸುತ್ತಿದ. ಒಂಟೆ, ಮರಳು, ಕೋಟೆ ಎಂದುಕೊಂಡು ಹೋದವನಿಗೆ ಸಿಕ್ಕಿದ್ದು ಬಂಡೆ ಬಡಿದು ಸದ್ದು ಕೇಳುವವರು, ಹುಬ್ಬಳ್ಳಿ ಕನ್ನಡ ಆಡುವ ಮೆಣಸಿನಕಾಯಿ ವ್ಯಾಪಾರಿ ಮತ್ತು ತನಗಿಂತ ಹೆಚ್ಚು ದೇಶ ಕಂಡ ಹಳ್ಳಿಯ ವಾದ್ಯಗಾರರು. ಶರದ್ ಪೂರ್ಣಿಮೆಯ ಹೊತ್ತಿಗೆ, ಥಾರ್ ಮರುಭೂಮಿಯ ಅಂಚಿನಿಂದ.

ತನಿ ಆವರ್ತನ ಶುರುವಾಗಿ ನಾಲ್ಕು ಆವರ್ತ ಆಗಿತ್ತೋ ಇಲ್ಲವೋ, ಮೃದಂಗದ ಎಡಗಡೆಯಿಂದ ರವೆ ಕಳಚಿ ನನ್ನ ತೊಡೆ ಮೇಲೆ ಬಿತ್ತು.

ಬಲಗಡೆಯ ಕಪ್ಪು ಕರಣೆ ಕಾಯಂ. ಎಡಗಡೆಗೆ ಮಾತ್ರ ಪ್ರತಿ ಕಛೇರಿಗೂ ಹೊಸದಾಗಿ ರವೆ ಕಲಸಿ ಮೆತ್ತಬೇಕು. ಆ ಹಸಿ ಭಾರ ಇದ್ದರಷ್ಟೇ ಗುಮ್ಕಿ ಎಂಬ ಮಂದ್ರ ನಾದ ಹುಟ್ಟುತ್ತದೆ. ಬೆಂಗಳೂರಿನಲ್ಲಿ ಒಮ್ಮೆ ಮೆತ್ತಿದರೆ ಮಂಗಳ ಹಾಡುವವರೆಗೆ ಯೋಚನೆಯಿಲ್ಲ. ಮಂಗಳೂರಿನ ಸೆಕೆಯಲ್ಲಿ ಕಛೇರಿ ಮುಗಿದು ಊಟಕ್ಕೆ ಕೂತಾಗಲೂ ಅದು ಹಸಿಯಾಗೇ ಇರುತ್ತದೆ. ಜೋಧಪುರದ ಗಾಳಿ ಮುಖ್ಯ ಕೃತಿ ಮುಗಿಯುವಷ್ಟರಲ್ಲಿ ಅದನ್ನು ಹಪ್ಪಳ ಮಾಡಿಟ್ಟಿತ್ತು.

ಬಲಗಡೆಯದು ಇನ್ನೊಂದು ಕಥೆ. ಚರ್ಮ ಬಿಗಿದುಕೊಂಡು ಶ್ರುತಿ ಏರುತ್ತಲೇ ಇತ್ತು. ಪ್ರತಿ ಕೀರ್ತನೆಯ ಕೊನೆಯಲ್ಲೂ ಕಲ್ಲು ಹಿಡಿದು ತಟ್ಟಿ ಇಳಿಸುತ್ತಿದ್ದೆ. ಪಕ್ಕದಲ್ಲಿ ಪಿಟೀಲಿನವರ ಬಿರಡೆಗಳು ಒಣಗಿ ಸಡಿಲಾಗಿ ಜಾರುತ್ತಿದ್ದವು. ಹಾಡುವವರು ಮಾತ್ರ ಬಿಸಿನೀರಿನ ಫ್ಲಾಸ್ಕಿನ ಧೈರ್ಯದಲ್ಲಿ ಮುಂದೆ ಸಾಗಿದ್ದರು.

ಸಭೆಯಲ್ಲಿ ಅರ್ಧದಷ್ಟು ನಮ್ಮ ಕಡೆಯವರೇ: ವಾಯುಪಡೆ, ಏಮ್ಸ್, ಐಐಟಿ ಎಂದು ಆ ಊರು ಸೇರಿದ ಕನ್ನಡ, ತಮಿಳು ಕುಟುಂಬಗಳು. ಉಳಿದರ್ಧ ಸ್ಥಳೀಯರು. ಕಛೇರಿ ಮುಗಿದ ಮೇಲೆ ಬಿಳಿ ಮೀಸೆಯ ಹಿರಿಯರೊಬ್ಬರು ವೇದಿಕೆ ಹತ್ತಿ ಬಂದರು. ಜಮಖಾನದ ಮೇಲಿದ್ದ ರವೆ ಚೂರನ್ನು ಬೆರಳಲ್ಲಿ ಎತ್ತಿ ಪುಡಿ ಮಾಡಿ ನೋಡಿದರು. ‘ಪಖವಾಜಿಗೆ ನಾವು ಗೋಧಿಹಿಟ್ಟು ಹಚ್ಚುತ್ತೇವೆ. ಎರಡು ಹಾಡಿನ ನಡುವೆ ಒದ್ದೆ ಬಟ್ಟೆ ಹೊದಿಸಿಡಿ ಬೇಟಾ, ಇಲ್ಲಿ ನೀರಿಲ್ಲದೆ ಏನೂ ನಿಲ್ಲುವುದಿಲ್ಲ’ ಎಂದರು. ಪಖವಾಜಿನ ದೊಡ್ಡ ಪರಂಪರೆಯೊಂದು ಇದೇ ರಾಜಸ್ಥಾನದ ನಾಥದ್ವಾರದ ದೇವಾಲಯದಲ್ಲಿ ಬೆಳೆದದ್ದು ಎಂಬುದು ಆಗ ನೆನಪಾಯಿತು.

ಮುಂದಿನ ಕಛೇರಿ ಪಶ್ಚಿಮಕ್ಕೆ ಸುಮಾರು 285 ಕಿಲೋಮೀಟರ್ ದೂರದ ಜೈಸಲ್ಮೇರ್‌ನಲ್ಲಿ. ನಡುವಿನ ದಿನಗಳು ಖಾಲಿ.

ಊರೂರು ತಿರುಗುವ ಕಲಾವಿದರು ಊರು ನೋಡಿದವರಲ್ಲ. ನಮಗೆ ಗೊತ್ತಿರುವುದು ರೈಲು ನಿಲ್ದಾಣ, ವಸತಿಗೃಹದ ಸ್ನಾನದ ಮನೆ, ಗ್ರೀನ್‌ರೂಮಿನ ತಣ್ಣಗಿನ ಕಾಫಿ, ಸನ್ಮಾನದ ಶಾಲು. ಹಾಗಾಗಿ ವಾದ್ಯಗಳನ್ನು ಕೋಣೆಯಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ಬೀಗ ಹಾಕಿಕೊಂಡು ಹೊರಟೆ.

ಬಂಡೆಗೆ ಕಿವಿ ಕೊಟ್ಟವರು

ಜೋಧಪುರದಲ್ಲಿ ದಾರಿ ತಪ್ಪುವುದು ಕಷ್ಟ. ಎಲ್ಲಿ ನಿಂತು ತಲೆಯೆತ್ತಿದರೂ ಮೆಹ್ರಾನ್‌ಗಢ ಕೋಟೆ ಕಾಣುತ್ತದೆ. ಹತ್ತಿರದ ಮಂಡೋರ್‌ನಿಂದ ರಾಜಧಾನಿ ಬದಲಿಸಿದ ರಾವ್ ಜೋಧಾ 1459ರಲ್ಲಿ ಈ ಗುಡ್ಡದ ಮೇಲೆ ಅಡಿಗಲ್ಲು ಹಾಕಿದ. ಊರಿಗಿಂತ ಸುಮಾರು 120 ಮೀಟರ್ ಎತ್ತರದಲ್ಲಿ, ಬಂಡೆಯೇ ಬೆಳೆದು ಗೋಡೆಯಾಯಿತೋ ಎಂಬಂತೆ ಅದು ನಿಂತಿದೆ.

ಗುಡ್ಡದಲ್ಲಿ ಮೊದಲು ಒಬ್ಬ ಸನ್ಯಾಸಿ ಇದ್ದನಂತೆ. ಕೋಟೆಗಾಗಿ ಅವನನ್ನು ಎಬ್ಬಿಸಿದಾಗ, ನಿನ್ನ ರಾಜ್ಯಕ್ಕೆ ನೀರಿನ ಬರ ತಪ್ಪದಿರಲಿ ಎಂದು ಶಾಪ ಕೊಟ್ಟು ಹೋದನಂತೆ. ಶಾಪ ಇಳಿಯಲೆಂದು ರಾಜಾರಾಮ್ ಮೇಘ್ವಾಲ್ ಎಂಬಾತ ಅಡಿಪಾಯದಲ್ಲಿ ಜೀವಂತ ಸಮಾಧಿಯಾದ ಎಂದು ಕೋಟೆಯ ಗೋಡೆಯ ಬಳಿಯ ಕಲ್ಲು ಹೇಳುತ್ತದೆ. ಬಲಿಗೆ ಹೋದವನ ಜಾತಿ ಯಾವುದು, ಕೋಟೆಯೊಳಗೆ ವಾಸಿಸಿದವರದು ಯಾವುದು ಎಂದು ಅಲ್ಲಿ ನಿಂತಾಗ ಯೋಚಿಸದಿರಲು ಆಗುವುದಿಲ್ಲ. ಶಾಪವಂತೂ ಇಳಿದಂತಿಲ್ಲ.

ಕೋಟೆಯ ಬಗಲಲ್ಲೇ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ ಇದೆ. ಸುಮಾರು 70 ಹೆಕ್ಟೇರ್. ಬೆಳಗ್ಗೆ ಏಳಕ್ಕೆ ಹೋದರೆ ಬಿಸಿಲು ಏರುವ ಮೊದಲು ಸುತ್ತಬಹುದು. ಪ್ರವಾಸಿಗಳು ಇಲ್ಲಿಗೆ ಬರುವುದು ಕಡಿಮೆ. ನನಗೆ ಮಾತ್ರ ಇಡೀ ಊರಿನಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಇನ್ನೊಂದಿಲ್ಲ.

ಇಲ್ಲಿ ಮೊದಲು ತುಂಬಿಕೊಂಡಿದ್ದು ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಗಿಡ, ಬಳ್ಳಾರಿ ಜಾಲಿ. ಮೂಲ ಅಮೆರಿಕ ಖಂಡದ್ದು. ಬರಡು ನೆಲ ಹಸಿರಾಗಲಿ ಎಂದು 1930ರ ದಶಕದಲ್ಲಿ ಜೋಧಪುರದ ಮಹಾರಾಜರು ಇದರ ಬೀಜವನ್ನು ವಿಮಾನದಿಂದ ಎರಚಿಸಿದ್ದರು. ಹಸಿರೇನೋ ಆಯಿತು, ಆದರೆ ಬೇರೆ ಯಾವ ಗಿಡವೂ ಉಳಿಯಲಿಲ್ಲ. ಕಡಿದಷ್ಟೂ ಚಿಗುರುವುದು ಅದರ ಸ್ವಭಾವ, ಬೇರು ಇರುವುದೋ ಬಂಡೆಯ ಸಂದಿಯಲ್ಲಿ.

2006ರಲ್ಲಿ ಈ ಗುಡ್ಡವನ್ನು ಸರಿಪಡಿಸುವ ಕೆಲಸ ಪ್ರದೀಪ್ ಕ್ರಿಶನ್ ಅವರಿಗೆ ಬಂತು. ‘ಮ್ಯಾಸಿ ಸಾಹಿಬ್’ ಸಿನಿಮಾ ಮಾಡಿದವರು, ಆಮೇಲೆ ಕ್ಯಾಮೆರಾ ಬಿಟ್ಟು ಮರಗಳ ಹಿಂದೆ ಬಿದ್ದವರು. ಜಾಲಿಯ ಬೇರು ಕೀಳಲು ಯಂತ್ರ ಸೋತಾಗ ಅವರಿಗೆ ಒದಗಿದ್ದು ಖಂಡ್ವಾಲಿಯಾಗಳು, ಅಂದರೆ ತಲೆಮಾರುಗಳಿಂದ ಜೋಧಪುರದ ಕೆಂಪು ಮರಳುಗಲ್ಲು ಒಡೆಯುತ್ತ ಬಂದ ಗಣಿ ಕೆಲಸಗಾರರು.

ಅವರ ವಿದ್ಯೆ ಕಣ್ಣಿನದಲ್ಲ. ಸುತ್ತಿಗೆಯಿಂದ ಬಂಡೆಯನ್ನು ಒಮ್ಮೆ ಬಡಿಯುತ್ತಾರೆ, ಕಿವಿಗೊಡುತ್ತಾರೆ, ಅರ್ಧ ಅಡಿ ಸರಿದು ಮತ್ತೆ ಬಡಿಯುತ್ತಾರೆ. ಗಟ್ಟಿ ಇದ್ದಲ್ಲಿ ಒಂದು ನಾದ, ಒಳಗೆ ಬಿರುಕಿದ್ದಲ್ಲಿ ಇನ್ನೊಂದು. ಬಿರುಕಿದ್ದಲ್ಲಿ ಬೇರಿರುತ್ತದೆ. ಅಲ್ಲಿ ಉಳಿಯಿಟ್ಟು ಮೊಣಕೈ ಆಳದ ಕುಳಿ ತೋಡಿ ಬೇರನ್ನು ಬುಡಸಮೇತ ಕಿತ್ತು, ಅದೇ ಕುಳಿಯಲ್ಲಿ ಮರುಭೂಮಿಯ ಸ್ವಂತ ಗಿಡಗಳನ್ನು ನೆಟ್ಟರು. ಕಳ್ಳಿಯ ಜಾತಿಯ ಥೋರ್, ಗೋಂದು ಕೊಡುವ ಕುಮಟ್, ಉಪ್ಪಿನಕಾಯಿಗೆ ಬರುವ ಕೇರ್. 2011ರಲ್ಲಿ ಉದ್ಯಾನ ಜನರಿಗೆ ತೆರೆಯಿತು.

ಇದನ್ನು ಕೇಳಿದ ಮೇಲೆ ತಾಳವಾದ್ಯದವನು ಸುಮ್ಮನಿರಲು ಆಗುತ್ತದೆಯೇ? ನಾವೂ ಮೃದಂಗಕ್ಕೆ ಹಲಸಿನ ಕಟ್ಟೆ ಆರಿಸುವಾಗ ಬೆರಳ ಗಿಣ್ಣಿನಿಂದ ತಟ್ಟಿ ಕೇಳುವವರೇ. ದಾರಿಯಲ್ಲಿ ಸಿಕ್ಕಿದ ಕಲ್ಲೊಂದನ್ನು ಎತ್ತಿಕೊಂಡು ಬಂಡೆ ಬಂಡೆಗೂ ತಟ್ಟುತ್ತ ನಡೆದೆ. ಕಂದು ಬಣ್ಣದ ರಯೊಲೈಟ್ ಬಂಡೆ, ಸುಮಾರು 75 ಕೋಟಿ ವರ್ಷ ಹಿಂದೆ ಹರಿದ ಲಾವಾ ತಣಿದು ಆದದ್ದು, ಲೋಹದಂತೆ ಕಿಣಿಗುಡುತ್ತದೆ. ಮರಳುಗಲ್ಲಿನದು ಮಂದ್ರ. ನನಗೆ ಬಿರುಕು ಗೊತ್ತಾಗಲಿಲ್ಲ. ಅದಕ್ಕೆ ಬೇರೆಯದೇ ಗುರುಕುಲ ಬೇಕು.

‘ಯಾವ ಊರ್ ರೀ ಸರ?’

ಕೋಟೆಯಿಂದ ಇಳಿದರೆ ಬ್ರಹ್ಮಪುರಿಯ ನೀಲಿ ಮನೆಗಳ ಗಲ್ಲಿಗಳು. ಅಲ್ಲಿಂದ ಮುಂದೆ ತೂರ್ಜಿ ಕಾ ಝಾಲ್ರಾ ಎಂಬ ಮೆಟ್ಟಿಲುಬಾವಿ. ಮಹಾರಾಜ ಅಭಯ್ ಸಿಂಗನ ರಾಣಿ 1740ರ ದಶಕದಲ್ಲಿ ಕಟ್ಟಿಸಿದ್ದು. ಇಲ್ಲಿ ನೀರಿನ ಕೆಲಸ ಮಾಡಿಸಿದವರಲ್ಲಿ ರಾಣಿಯರ ಹೆಸರುಗಳೇ ಮತ್ತೆ ಮತ್ತೆ ಸಿಗುತ್ತವೆ. ಕಸ, ಕೊಳಚೆ ತುಂಬಿ ದಶಕಗಳ ಕಾಲ ಮುಚ್ಚಿಹೋಗಿದ್ದ ಬಾವಿಯನ್ನು ಈಚೆಗೆ ಹೂಳೆತ್ತಿ ಬಿಡಿಸಿದ್ದಾರೆ. ಹುಡುಗರು ಎತ್ತರದ ಕಟ್ಟೆಯಿಂದ ಧುಮುಕುವ ಸದ್ದು ನಾಲ್ಕೂ ಗೋಡೆಗೆ ಬಡಿದು ಮೇಲೆ ಬರುತ್ತದೆ. ದಂಡೆಯ ಕೆಫೆಗಳಲ್ಲಿ ವಿದೇಶಿಗರು ಕಾಫಿ ಹಿಡಿದು ಅದನ್ನು ವಿಡಿಯೊ ಮಾಡಿಕೊಳ್ಳುತ್ತಿರುತ್ತಾರೆ.

ಘಂಟಾಘರ್ ಎಂದು ಕರೆಯುವ ಗಡಿಯಾರ ಗೋಪುರದ ಸುತ್ತ ಸರ್ದಾರ್ ಮಾರುಕಟ್ಟೆ. ಇಲ್ಲಿನ ಮಿರ್ಚಿ ಬಡಾ ತಿನ್ನಲೇಬೇಕು: ಗೇಣುದ್ದದ ಹಸಿಮೆಣಸಿನಕಾಯಿಗೆ ಆಲೂಗಡ್ಡೆ ಪಲ್ಯ ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು. ನಾನು ಮತ್ತು ಮೋರ್ಸಿಂಗ್ ನುಡಿಸುವ ಗೆಳೆಯ ಅದರ ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತ, ಕನ್ನಡದಲ್ಲೇ ಅದನ್ನು ಬಯ್ಯುತ್ತ, ಮಸಾಲೆ ಅಂಗಡಿಯೊಂದರ ಮುಂದೆ ನಿಂತಿದ್ದೆವು.

‘ಯಾವ ಊರ್ ರೀ ಸರ? ಬರ್ರಿ, ನೀರ್ ಕುಡೀರಿ.’

ಗಲ್ಲಾದ ಹಿಂದೆ ಕೂತವರ ಬಾಯಿಂದ ಬಂದದ್ದು ಅಚ್ಚ ಹುಬ್ಬಳ್ಳಿ ಕನ್ನಡ. ಹರೆಯವೆಲ್ಲ ಹುಬ್ಬಳ್ಳಿಯಲ್ಲಿ ಭಾವನ ಅಂಗಡಿಯಲ್ಲಿ ಕಳೆದವರು. ಅಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಮರಳಿ ಇಲ್ಲೇ ಉಳಿದಿದ್ದಾರೆ. ಈಗ ಮಗ ಬೆಂಗಳೂರಿನ ಚಿಕ್ಕಪೇಟೆಯಲ್ಲಿದ್ದಾನೆ. ಜೋಧಪುರದಿಂದ ಹುಬ್ಬಳ್ಳಿ ಹಾದು ಬೆಂಗಳೂರಿಗೆ ಹೋಗುವ ರೈಲಿನ ವೇಳೆ ಅವರಿಗೆ ಬಾಯಿಪಾಠ.

ಚೀಲದಿಂದ ಮೆಣಸಿನಕಾಯಿ ತೆಗೆದು ಅಂಗೈ ಮೇಲಿಟ್ಟರು. ‘ಬ್ಯಾಡಗಿ ಬಣ್ಣ ಕೊಡ್ತದ ರೀ, ಖಾರ ಇಲ್ಲ. ಇದು ಮಥಾನಿಯಾ, ಇಲ್ಲೇ ಬಾಜೂ ಊರಿಂದು. ಎರಡೂ ಕೊಡ್ತದ.’ ಆಮೇಲೆ ದನಿ ತಗ್ಗಿಸಿ, ‘ಆದ್ರ ಮನ್ಯಾಗ ನಾ ತರಸೂದು ಬ್ಯಾಡಗೀನ ರೀ. ಹೊಟ್ಟಿ ಅದಕ್ಕ ಹೊಂದಿಬಿಟ್ಟದ’ ಎಂದು ನಕ್ಕರು. ವ್ಯಾಪಾರಿಯ ಬಾಯಿಂದ ಇಂಥ ಸತ್ಯ ಬರುವುದು ಅಪರೂಪ. ನಾವು ಎರಡು ಕಿಲೋ ಮಥಾನಿಯಾ ಕೊಂಡೆವು.

ಇವರಂಥವರು ಊರು ಬಿಟ್ಟು ಅಷ್ಟು ದೂರ ಬಂದದ್ದೇಕೆ ಎಂಬುದಕ್ಕೆ ಉತ್ತರ ಆಕಾಶದಲ್ಲಿದೆ. ಜೋಧಪುರದಲ್ಲಿ ವರ್ಷಕ್ಕೆ ಸುಮಾರು 360 ಮಿಲಿಮೀಟರ್ ಮಳೆ. ಅದೂ ಬಂದರೆ. ಪಶ್ಚಿಮಕ್ಕೆ ಹೋದಂತೆ ಅದರ ಅರ್ಧಕ್ಕೆ ಇಳಿಯುತ್ತದೆ. ವಿಕ್ರಮ ಶಕೆ 1956ರಲ್ಲಿ, ಎಂದರೆ 1899–1900ರಲ್ಲಿ ಬಂದ ಬರವನ್ನು ಮಾರ್ವಾಡದ ಜನ ಇವತ್ತಿಗೂ ‘ಛಪ್ಪನಿಯಾ’, ಅಂದರೆ ಐವತ್ತಾರರದ್ದು, ಎಂದೇ ಕರೆಯುತ್ತಾರೆ. ಇನ್ನೊಂದು ಗುಡ್ಡದ ಮೇಲೆ ಕಾಣುವ ಉಮೇದ್ ಭವನ ಅರಮನೆ ಎದ್ದದ್ದೂ ಬರದಿಂದಲೇ: 1929ರಲ್ಲಿ ಶುರುವಾಗಿ 1943ರಲ್ಲಿ ಮುಗಿದ 347 ಕೋಣೆಗಳ ಆ ಕಟ್ಟಡ, ಹಸಿದ ಜನಕ್ಕೆ ಕೂಲಿ ಕೊಡಲೆಂದು ಕೈಗೆತ್ತಿಕೊಂಡ ಕಾಮಗಾರಿ. ಕೂಲಿಗೆ ಕೆರೆ ತೋಡಿಸದೆ ಅರಮನೆ ಏಕೆ ಕಟ್ಟಿಸಿದರು ಎಂದು ಕೇಳಬಹುದು. ಅಲ್ಲಿ ಒಂದು ರಾತ್ರಿ ತಂಗಲು ಈಗ ಕೊಡುವ ಬಾಡಿಗೆ ಕೇಳಿದರೆ ಪ್ರಶ್ನೆ ಮರೆತುಹೋಗುತ್ತದೆ.

ಮಳೆ ನಂಬಲಾಗದವರು ಹೊರಟರು. ಕಲ್ಕತ್ತ, ಮುಂಬೈ, ಮದರಾಸು, ಹುಬ್ಬಳ್ಳಿ, ಬೆಂಗಳೂರು. ಹೊರಟವರ ಹಿಂದೆ ಉಳಿದ ಹೆಂಗಸರು ಹಾಡು ಕಟ್ಟಿದರು. ಆ ಹಾಡುಗಳಲ್ಲಿ ಓಲೆ ಒಯ್ಯುವುದು ಕುರ್ಜಾ ಹಕ್ಕಿ. ಬೂದು ಮೈ, ಕಪ್ಪು ಕತ್ತಿನ ಪುಟ್ಟ ಕೊಕ್ಕರೆ. ಪ್ರತಿ ಚಳಿಗಾಲಕ್ಕೆ ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯಿಂದ ಇಲ್ಲಿಗೆ ಬರುತ್ತದೆ. ಫಲೋದಿ ಹತ್ತಿರದ ಖೀಚನ್ ಹಳ್ಳಿಯಲ್ಲಿ ಜೈನ ಕುಟುಂಬಗಳು ಕಾಳು ಹಾಕತೊಡಗಿದ ಮೇಲೆ ಅಲ್ಲಿ ಸಾವಿರಾರು ಸಂಖ್ಯೆಯಲ್ಲಿ ಇಳಿಯುತ್ತವೆ. ಆ ಕಾಳಿಗೆ ದುಡ್ಡು ಬಹುಪಾಲು ಬರುವುದು ಊರು ಬಿಟ್ಟುಹೋದ ವ್ಯಾಪಾರಿಗಳಿಂದ.

ರಾಜಸ್ಥಾನಿ ವಿರಹದ ಹಾಡುಗಳನ್ನು ನಾನು ರೇಡಿಯೊದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ‘ಪರದೇಶ’ಕ್ಕೆ ಹೋಗಿ ಕೂತ ಗಂಡ ಎಂದರೆ ಎಲ್ಲೋ ಮರಳ ದಿಬ್ಬದಾಚೆ ಒಂಟೆಯ ಮೇಲೆ ಹೋದ ಯೋಧ ಎಂದುಕೊಂಡಿದ್ದೆ. ಅವನು ಕೂತಿದ್ದು ಚಿಕ್ಕಪೇಟೆಯಲ್ಲಿ, ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ, ಗಜಕೋಲು ಹಿಡಿದು. ನನ್ನ ಅಮ್ಮ ಅವನ ಹತ್ತಿರವೇ ಸೀರೆಗೆ ಚೌಕಾಸಿ ಮಾಡುತ್ತಿದ್ದಳು.

ಬಾಕ್ಸ್ | ಸರೋದಿನ ಜೋಧಪುರ

*ಉಸ್ತಾದ್ ಅಲಿ ಅಕ್ಬರ್ ಖಾನ್ ಇಪ್ಪತ್ತರ ಹರೆಯದಲ್ಲಿ ಜೋಧಪುರದ ಆಸ್ಥಾನ ಸಂಗೀತಗಾರರಾದರು. ಇಲ್ಲೇ ವರ್ಷಗಟ್ಟಲೆ ಉಳಿದು ಕಲಿಸಿದರು, ರಾಗ ಕಟ್ಟಿದರು. ಅವರ ಪೋಷಕರಾಗಿದ್ದ ಮಹಾರಾಜ ಹನ್ವಂತ್ ಸಿಂಗ್ 1952ರ ಮೊದಲ ಸಾರ್ವತ್ರಿಕ ಚುನಾವಣೆಗೆ ನಿಂತರು. ಫಲಿತಾಂಶದ ಹೊತ್ತಿನಲ್ಲಿ, ಜನವರಿ 26ರಂದು, ತಾವೇ ನಡೆಸುತ್ತಿದ್ದ ವಿಮಾನ ಬಿದ್ದು ತೀರಿಕೊಂಡರು. ವಯಸ್ಸು 28. ಜೊತೆಗಿದ್ದ ಪತ್ನಿ ಜುಬೇದಾ ಕೂಡ ಉಳಿಯಲಿಲ್ಲ. ಶ್ಯಾಮ್ ಬೆನೆಗಲ್ ಅವರ 2001ರ ಸಿನಿಮಾ ‘ಜುಬೇದಾ’ ಈ ಕಥೆಯನ್ನೇ ಆಧರಿಸಿದ್ದು.*

*ಆಸ್ಥಾನ ಮುಗಿಯಿತು. ಅಲಿ ಅಕ್ಬರ್ ಮುಂಬೈಗೆ ಹೋಗಿ ಸಿನಿಮಾಗೆ ಸಂಗೀತ ಕೊಟ್ಟರು. 1955ರಲ್ಲಿ ಯೆಹೂದಿ ಮೆನುಹಿನ್ ಕರೆಯ ಮೇಲೆ ನ್ಯೂಯಾರ್ಕಿನಲ್ಲಿ ನುಡಿಸಿದರು. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಶಾಲೆ ತೆರೆದರು. ಊರು ಬಿಟ್ಟವರ ಪಟ್ಟಿಯಲ್ಲಿ ಅವರೂ ಒಬ್ಬರು.*

ಯಜಮಾನನ ಬಾಗಿಲಿಂದ

ರಾಜಸ್ಥಾನದ ‘ಮರುಭೂಮಿ ಸಂಗೀತ’ ಎಂದರೆ ನಮ್ಮ ಕಣ್ಣಿಗೆ ಬರುವುದು ಒಂದು ಪೋಸ್ಟರ್. ಕಿತ್ತಳೆ ಪೇಟ, ಬಿಳಿ ಅಂಗಿ, ಹಿಂದೆ ಮರಳ ದಿಬ್ಬ, ಸೂರ್ಯಾಸ್ತ. ದಿಬ್ಬದ ಮೇಲೆ ಕೂತು ಯಾರಿಗಾಗಿ ಹಾಡುತ್ತಾರೆ ಎಂದು ಪೋಸ್ಟರ್ ಹೇಳುವುದಿಲ್ಲ.

ಅವರು ಹಾಡುತ್ತಿದ್ದದ್ದು, ಈಗಲೂ ಹಾಡುವುದು, ಯಜಮಾನನ, ಅಂದರೆ ತಮ್ಮ ಮನೆತನವನ್ನು ಪೋಷಿಸುವ ಕುಟುಂಬದ, ಮನೆ ಬಾಗಿಲಲ್ಲಿ. ಜೈಸಲ್ಮೇರ್, ಬಾಡ್‌ಮೇರ್ ಕಡೆಯ ಮಾಂಗಣಿಯಾರರು ಮುಸ್ಲಿಮರು, ಅವರ ಯಜಮಾನರು ಹೆಚ್ಚಾಗಿ ರಜಪೂತರು. ಹುಟ್ಟಿಗೆ ಒಂದು ಹಾಡು, ಮದುವೆಯ ಒಂದೊಂದು ಶಾಸ್ತ್ರಕ್ಕೆ ಒಂದೊಂದು, ಸಾವಿಗೂ ಒಂದು. ಮನೆದೇವಿಯನ್ನೂ ಕೃಷ್ಣನನ್ನೂ ಕೊಂಡಾಡಿ ಹಾಡುವ ಅದೇ ಬಾಯಿ ಸೂಫಿ ಕಲಾಮನ್ನೂ ಹಾಡುತ್ತದೆ. ಇದನ್ನು ಕೋಮು ಸಾಮರಸ್ಯ ಎಂದು ಭಾಷಣಕ್ಕೆ ಬಳಸುವುದುಂಟು. ಅವರಿಗೆ ಅದು ಮನೆತನದ ಕೆಲಸ, ಅಷ್ಟೆ. ಇವರ ನೆರೆಯ ಲಂಗಾಗಳು ಸಿಂಧಿ ಸಾರಂಗಿ ನುಡಿಸುವವರು, ಅವರ ಯಜಮಾನರು ಸಿಂಧಿ ಸಿಪಾಯಿ ಮುಸ್ಲಿಮರು.

ಹಾಡಿನಷ್ಟೇ ಮುಖ್ಯವಾದದ್ದು ‘ಶುಭರಾಜ್’. ಯಜಮಾನನ ವಂಶವನ್ನು ತಲೆಮಾರು ತಲೆಮಾರಾಗಿ ಹೆಸರಿಟ್ಟು ಕರೆಯುವುದು. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಮುತ್ತಜ್ಜನ ಅಪ್ಪ ಯಾರು, ಯಾವ ಊರಿಂದ ಗುಳೆ ಎದ್ದು ಬಂದ ಎಂದು ಹೇಳಿ ಕಾಳುಕಡಿ ಪಡೆದು ಹೋಗುವ ಹೆಳವರ ಕೆಲಸವೇ ಇದು. ಹೆಳವರಿಗೆ ಪ್ಯಾರಿಸ್ಸಿನಿಂದ ಕರೆ ಬರಲಿಲ್ಲ, ಮಾಂಗಣಿಯಾರರಿಗೆ ಬಂತು. ಏಕೆ ಎಂಬುದಕ್ಕೆ ಉತ್ತರ ಜೋಧಪುರದಲ್ಲೇ ಇದೆ.

ಉತ್ತರದ ಹೆಸರು ಕೋಮಲ್ ಕೊಠಾರಿ (1929–2004). ಕಥೆಗಾರ ವಿಜಯದಾನ್ ದೇಥಾ ಜೊತೆ ಸೇರಿ 1960ರಲ್ಲಿ ಬೋರುಂದಾ ಹಳ್ಳಿಯಲ್ಲಿ ರೂಪಾಯನ್ ಸಂಸ್ಥಾನ ಕಟ್ಟಿದರು. ಟೇಪ್‌ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ತಿರುಗಿದರು. ಅರವತ್ತರ ದಶಕದಿಂದ ಲಂಗಾ, ಮಾಂಗಣಿಯಾರರನ್ನು ಮೊದಲು ದೊಡ್ಡ ಊರುಗಳ ವೇದಿಕೆಗೆ, ಆಮೇಲೆ ವಿದೇಶಕ್ಕೆ ಕರೆದೊಯ್ದರು. ಯಜಮಾನನ ಅಂಗಳ ಬಿಟ್ಟು ಟಿಕೆಟ್ ಕೊಂಡ ಅಪರಿಚಿತರಿಗೆ ಹಾಡುವುದು ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸಾವಿರ ವರ್ಷದ ಪರಂಪರೆ ಎಂದು ಸಂಘಟಕರು ಮೈಕಿನಲ್ಲಿ ಹೇಳುವ ಈ ವೇದಿಕೆ ಸಂಗೀತಕ್ಕೆ ನಮ್ಮಪ್ಪನಷ್ಟೂ ವಯಸ್ಸಾಗಿಲ್ಲ.

ಕೊಠಾರಿಯವರದು ಕಸರತ್ತಿನ ಪಾಂಡಿತ್ಯವಲ್ಲ. ರಾಜಸ್ಥಾನವನ್ನು ಅವರು ವಿಂಗಡಿಸಿದ್ದು ಸಂಸ್ಥಾನಗಳ ಗಡಿಯಿಂದಲ್ಲ, ಉಣ್ಣುವ ಧಾನ್ಯದಿಂದ: ಸಜ್ಜೆಯ ಸೀಮೆ, ಜೋಳದ ಸೀಮೆ, ಮೆಕ್ಕೆಜೋಳದ ಸೀಮೆ. ರೊಟ್ಟಿ ಬದಲಾದಲ್ಲಿ ಹಾಡೂ ಬದಲಾಗುತ್ತದೆ ಎಂಬುದು ಅವರ ಲೆಕ್ಕ. ಊರ ಹೊರಗೆ ಮೊಕಲಾವಾಸ್ ಬಳಿ ಅವರು ಕಲ್ಪಿಸಿದ ಅರ್ಣಾ ಝರ್ನಾ ಎಂಬ ಮರುಭೂಮಿ ಸಂಗ್ರಹಾಲಯ ಇದೆ. ಖಡ್ಗ, ಕಿರೀಟ ನೋಡಿ ದಣಿದವರು ಅಲ್ಲಿಗೆ ಹೋಗಬೇಕು. ಅಲ್ಲಿನ ಮುಖ್ಯ ಆಕರ್ಷಣೆ ಪೊರಕೆ. ಯಾವ ಸೀಮೆಯಲ್ಲಿ ಯಾವ ಹುಲ್ಲಿನಿಂದ ಕಟ್ಟುತ್ತಾರೆ, ಅಂಗಳಕ್ಕೆ ಯಾವುದು, ಕಣಕ್ಕೆ ಯಾವುದು, ಯಾರು ಕಟ್ಟುತ್ತಾರೆ ಎಂದು ಸಾಲಾಗಿ ಇಟ್ಟಿದ್ದಾರೆ. ಅರಮನೆಯಲ್ಲಿ ಕಳೆದದ್ದಕ್ಕಿಂತ ಹೆಚ್ಚು ಹೊತ್ತು ನಾನು ಅಲ್ಲಿ ಕಳೆದೆ.

ಬಾಕ್ಸ್ | ಕಮಾಯ್ಚಾ ಹತ್ತಿರದಿಂದ

*ಮಾಂಗಣಿಯಾರರ ಹೆಗ್ಗುರುತಿನ ವಾದ್ಯ. ಒಂದೇ ಮರದ ತುಂಡಿನಲ್ಲಿ ಕೊರೆದ ದುಂಡು ಬುರುಡೆ, ಅದರ ಬಾಯಿಗೆ ಮೇಕೆ ಚರ್ಮ. ಮುಖ್ಯ ತಂತಿಗಳು ಮೇಕೆಯ ಕರುಳಿನವು, ಜೊತೆಗೆ ಲೋಹದ ಸಹತಂತಿಗಳು. ಉದ್ದನೆಯ ಕಮಾನಿಗೆ ಕುದುರೆ ಕೂದಲು. ಕರುಳಿನ ತಂತಿಯಿಂದಾಗಿ ನಾದಕ್ಕೆ ಒಂದು ಒರಟು, ಒಂದು ಆಳ. ಪಿಟೀಲಿನ ನುಣುಪನ್ನು ಇದರಿಂದ ನಿರೀಕ್ಷಿಸಬಾರದು. ಹಮೀರಾ ಹಳ್ಳಿಯ ಸಾಕರ್ ಖಾನ್ ಇದರ ದೊಡ್ಡ ಹೆಸರು, 2012ರಲ್ಲಿ ಪದ್ಮಶ್ರೀ, ಮರುವರ್ಷ ನಿಧನ. ಒಳ್ಳೆಯ ಕಮಾಯ್ಚಾ ಮಾಡುವವರು ಈಗ ಬಹಳ ಕಡಿಮೆ. ಹಾರ್ಮೋನಿಯಂ ಸುಲಭಕ್ಕೆ ಸಿಗುತ್ತದೆ, ಶ್ರುತಿಯೂ ಕೆಡುವುದಿಲ್ಲ.*

ಕೋಟೆಯೊಳಗೆ ಹುಣ್ಣಿಮೆ

ದಸರೆ ಮುಗಿದು ಐದನೆಯ ದಿನ ಶರದ್ ಪೂರ್ಣಿಮೆ. 2007ರಿಂದ ಆ ಹುಣ್ಣಿಮೆಯ ಆಸುಪಾಸಿನಲ್ಲಿ ಮೆಹ್ರಾನ್‌ಗಢದಲ್ಲಿ ರಾಜಸ್ಥಾನ ಅಂತರರಾಷ್ಟ್ರೀಯ ಜಾನಪದ ಉತ್ಸವ ನಡೆಯುತ್ತಿದೆ. ಇದರ ಪೋಷಕರಲ್ಲಿ ಒಬ್ಬರು ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್. ನಸುಕಿನಲ್ಲಿ ಕೋಟೆಯ ಬಳಿಯ ಜಸ್ವಂತ್ ಥಡಾ ಸ್ಮಾರಕದ ಬಿಳಿ ಅಮೃತಶಿಲೆಯ ಮೆಟ್ಟಿಲಲ್ಲಿ ನಿರ್ಗುಣ ಭಜನೆ, ಹಗಲು ಕೋಟೆಯ ಅಂಗಳಗಳಲ್ಲಿ ಮಾತು, ಪ್ರಾತ್ಯಕ್ಷಿಕೆ, ರಾತ್ರಿ ದೊಡ್ಡ ಕಾರ್ಯಕ್ರಮ. ಟಿಕೆಟ್ ದುಬಾರಿ. ಊರಿನವರಿಗಿಂತ ಹೊರಗಿನವರೇ ಹೆಚ್ಚು ಕಂಡರು ಎಂದು ಹೇಳದೆ ವಿಧಿಯಿಲ್ಲ.

ಈ ಕೋಟೆಗೆ ಧ್ವನಿಮುದ್ರಣದ ಇತಿಹಾಸವೂ ಇದೆ. 2015ರಲ್ಲಿ ಇಂಗ್ಲೆಂಡಿನ ರೇಡಿಯೋಹೆಡ್ ತಂಡದ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್, ಇಸ್ರೇಲಿನ ಶೈ ಬೆನ್ ತ್ಸುರ್ ಮತ್ತು ರಾಜಸ್ಥಾನದ ಕವ್ವಾಲರು, ಮಾಂಗಣಿಯಾರರು, ಬ್ಯಾಂಡ್‌ಸೆಟ್‌ನವರು ಇಲ್ಲಿ ವಾರಗಟ್ಟಲೆ ಬೀಡುಬಿಟ್ಟು ‘ಜುನೂನ್’ ಆಲ್ಬಂ ಮುದ್ರಿಸಿದರು. ಹಾಲಿವುಡ್‌ನ ಪಾ​ಲ್ ಥಾಮಸ್ ಆಂಡರ್ಸನ್ ಅದನ್ನು ಸಾಕ್ಷ್ಯಚಿತ್ರ ಮಾಡಿದ್ದಾರೆ, ಒಂದು ಗಂಟೆಗೂ ಕಡಿಮೆ ಅವಧಿಯದು. ಅದರಲ್ಲಿ ನನಗೆ ಹಿಡಿಸಿದ್ದು ಕರೆಂಟು ಹೋಗುವ ದೃಶ್ಯ, ಮತ್ತು ಕೋಣೆಯೊಳಗೆ ನುಗ್ಗಿ ಹೋಗಲೊಲ್ಲದ ಪಾರಿವಾಳ. ಸಂಗೀತ ಸಭಾಭವನಗಳಲ್ಲಿ ಬಾಳು ಸವೆಸಿದ ಎಲ್ಲರಿಗೂ ಇವೆರಡು ಪರಿಚಿತ. ಮುಂದೆ 2018ರಲ್ಲಿ ‘ಜುನೂನ್’ ಮೇಳ ರೇಡಿಯೋಹೆಡ್ ಜೊತೆ ಅಮೆರಿಕದ ಕ್ರೀಡಾಂಗಣಗಳಲ್ಲಿ ನುಡಿಸಿತು.

ಅದಕ್ಕೂ ಮೊದಲೇ, 2006ರಲ್ಲಿ, ನಿರ್ದೇಶಕ ರಾಯ್‌ಸ್ಟನ್ ಏಬಲ್ ಸುಮಾರು ನಲವತ್ತು ಮಾಂಗಣಿಯಾರರನ್ನು ಕೆಂಪು ಪರದೆಯ ಗೂಡುಗಳಲ್ಲಿ ನಾಲ್ಕು ಅಂತಸ್ತಿಗೆ ಕೂರಿಸಿ ‘ಮಾಂಗಣಿಯಾರ್ ಸಿಡಕ್ಷನ್’ ಎಂಬ ರಂಗಪ್ರದರ್ಶನ ಮಾಡಿದ್ದರು. ಅದು ಖಂಡಗಳನ್ನು ಸುತ್ತಿತು.

ಬಾಕ್ಸ್ | ಹೋಗುವವರಿಗೆ

*ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಶಿಲಾ ಉದ್ಯಾನಕ್ಕೆ ಬೆಳಗ್ಗೆ, ಝಾಲ್ರಾಗೆ ಸಂಜೆ. ಕುರ್ಜಾ ನೋಡುವವರು ಜೈಸಲ್ಮೇರ್‌ಗೆ ಫಲೋದಿ ಮೇಲೆ ಹೋಗಬೇಕು, ಖೀಚನ್‌ಗೆ ಬೆಳಗಿನ ಹೊತ್ತೇ ತಲುಪಬೇಕು. ಚರ್ಮವಾದ್ಯ ಒಯ್ಯುವವರು ಒದ್ದೆ ಬಟ್ಟೆ ಮರೆಯಬಾರದು.*

ಉತ್ಸವದ ರಾತ್ರಿ, ಕಾರ್ಯಕ್ರಮ ಮುಗಿದ ಮೇಲೆ, ಕೋಟೆಯ ಒಳ ಅಂಗಳದಲ್ಲಿ ಕಲಾವಿದರ ಊಟ ನಡೆದಿತ್ತು. ಖಡ್ತಾಲ್ ನುಡಿಸುವ ಹುಡುಗನೊಬ್ಬ ನಮ್ಮ ಪಕ್ಕ ಬಂದು ಕೂತ. ಬಾಡ್‌ಮೇರ್ ಕಡೆಯ ಹಳ್ಳಿಯವನು. ಖಡ್ತಾಲ್ ಎಂದರೆ ಒಟ್ಟು ನಾಲ್ಕು ಬೀಟೆ ಪಟ್ಟಿ, ಕೈಗೆರಡು. ಕಟ್ಟಿಲ್ಲ, ಮೊಳೆಯಿಲ್ಲ. ಒಂದನ್ನು ಹೆಬ್ಬೆರಳ ಬುಡಕ್ಕೆ ಒತ್ತಿಹಿಡಿದು, ಇನ್ನೊಂದನ್ನು ಬೆರಳ ತುದಿಯಲ್ಲಿ ಸಡಿಲವಾಗಿ ಆಡಿಸುತ್ತಾನೆ. ವೇಗ ಬೆರಳಿನದಲ್ಲ, ಮುಂಗೈಯ ನಡುಕದ್ದು. ಕೇಳಿ ಕಲಿಯಲು ನೋಡಿದೆ. ಒಂದು ಪಟ್ಟಿ ನೇರ ದಾಲ್ ಬಟ್ಟಲಿಗೆ ಹಾರಿತು.

ನಮ್ಮ ಗೆಳೆಯ ಜೇಬಿಂದ ಮೋರ್ಸಿಂಗ್ ತೆಗೆದ. ಹುಡುಗ ತನ್ನ ಚಿಕ್ಕಪ್ಪನಿಂದ ಅವರ ಕಡೆಯ ಮೋರ್ಸಿಂಗ್ ಆದ ಮೋರ್ಚಂಗ್ ಇಸಿದುಕೊಂಡು ಪಕ್ಕದಲ್ಲಿಟ್ಟ. ನಮ್ಮದರ ನಾಲಗೆಗೆ ಶ್ರುತಿಗೆಂದು ಹಚ್ಚಿದ ಮೇಣದ ಚೂರನ್ನು ಚಿಕ್ಕಪ್ಪ ಉಗುರಿನಿಂದ ಮುಟ್ಟಿ ನೋಡಿದರು. ಅವರು ಹಚ್ಚುವುದಿಲ್ಲವಂತೆ, ಹಾಡುವವರೇ ವಾದ್ಯದ ಶ್ರುತಿಗೆ ಬರಲಿ ಎನ್ನುತ್ತಾರಂತೆ. ಪಕ್ಕವಾದ್ಯದವನಾಗಿ ನಾನು ಬಹಳ ಹೊಟ್ಟೆಕಿಚ್ಚು ಪಟ್ಟೆ. ನಾನು ಬಾಯಲ್ಲಿ ಆದಿತಾಳಕ್ಕೆ ಸೊಲ್ಲು ಹೇಳಿದೆ, ಹುಡುಗ ಖಡ್ತಾಲ್‌ನಲ್ಲಿ ತಿರುಗಿಸಿ ಕೊಟ್ಟ. ತಿಶ್ರಕ್ಕೆ ಹೊರಳಿದೆ, ಹೊರಳಿದ. ಮುಕ್ತಾಯಕ್ಕೆ ಮಾತ್ರ ಅವನು ನಕ್ಕು ಕೈ ಬಿಟ್ಟ. ಇಷ್ಟೊಂದು ಲೆಕ್ಕ ಇಟ್ಟುಕೊಂಡು ಹಾಡುವುದು ಯಾವಾಗ ಗುರೂಜಿ ಎಂದು ಕೇಳಿದ.

ಫ್ರಾನ್ಸ್, ಜಪಾನ್, ಆಸ್ಟ್ರೇಲಿಯಾ ಆಗಿದೆಯಂತೆ. ಮೊದಲ ಪಾಸ್‌ಪೋರ್ಟ್ ತುಂಬಿ ಈಗ ಎರಡನೆಯದು. ‘ನೀವು ವರ್ಷಕ್ಕೆ ಎಷ್ಟು ಸಲ ಹೊರದೇಶಕ್ಕೆ ಹೋಗ್ತೀರಿ?’ ಎಂದು ನನ್ನನ್ನೇ ಕೇಳಿದ. ನಾನು ಮಾತು ತಿರುಗಿಸಿ, ಮುಂದಿನ ಕಾರ್ಯಕ್ರಮ ಎಲ್ಲಿ ಎಂದೆ.

ಮುಂದಿನ ತಿಂಗಳು ಮೇಳ ಪ್ಯಾರಿಸ್ಸಿಗೆ ಹೊರಟಿದೆ. ಇವನು ಹೋಗುತ್ತಿಲ್ಲ. ಅದೇ ವಾರ ಯಜಮಾನರ ಮನೆಯಲ್ಲಿ ಮೊಮ್ಮಗನ ಮದುವೆ.

‘ಪ್ಯಾರಿಸ್ಸಿಗೆ ತಮ್ಮ ಹೋಗ್ತಾನೆ. ಅಲ್ಲಿ ಖಡ್ತಾಲ್ ಯಾರು ಹಿಡಿದರೂ ನಡೆಯುತ್ತೆ. ಇಲ್ಲಿ ನಾನೇ ಬೇಕು, ಅವರ ತಾತ ಮುತ್ತಾತಂದಿರ ಹೆಸರು ಪೂರ್ತಿ ಗೊತ್ತಿರೋದು ನನಗೆ ಮತ್ತು ಅಪ್ಪನಿಗೆ. ಅಪ್ಪನಿಗೆ ಈಗ ಉಸಿರು ಸಾಲದು.’

ಯಜಮಾನರು ಏನು ಕೊಡುತ್ತಾರೆ ಎಂದು ಕೇಳಿದೆ. ಸಂಭಾವನೆಯ ಮಾತು ಕಲಾವಿದರು ಎಲ್ಲಿ ಕೂತರೂ ಬರುವಂಥದ್ದೇ.

‘ಹೋದ ಮದುವೆಗೆ ಮೇಕೆ ಕೊಟ್ಟಿದ್ದರು. ಈ ಸಲ ಮೋಟಾರ್‌ಸೈಕಲ್ ಕೇಳಿದೀನಿ’ ಎಂದ. ‘ಇಲ್ಲ ಅಂದರೆ ಒಬ್ಬೇ ಒಬ್ಬ ತಾತನ ಹೆಸರು ಮರೆತುಬಿಡ್ತೀನಿ, ಅಷ್ಟೆ.’